ಅವನ ಕುಡಿತದ ಲೆಕ್ಕ ನಿಲ್ಲಿಸಿದ ಮೇಲೆ

ಇವತ್ತಿನ ವಿಷಯ ಸ್ವಲ್ಪ ಭಾರ. ಇದನ್ನು ಮೈಕ್ ಮುಂದೆ ಹೇಳಲಿಕ್ಕೆ ನನಗೆ ಎರಡು ವರ್ಷ ಬೇಕಾಯ್ತು.

ನನ್ನ ಮನೆ ಕಾಪು, ಅವನದು ಕಾರ್ಕಳ. ಇಬ್ಬರಿಗೂ ಮಣಿಪಾಲದಲ್ಲಿ ಕೆಲಸ. ಮೂರು ವರ್ಷದ ಪ್ರೀತಿ. ಒಳ್ಳೆಯ ಹುಡುಗನೇ ಮಾರಾಯ್ರೆ, ಕಷ್ಟ ಇದ್ದದ್ದೇ ಅಲ್ಲಿ. ಕುಡಿಯದ ದಿನ ಅವನಷ್ಟು ನಗಿಸುವವರು ಇನ್ನೊಬ್ಬರಿಲ್ಲ. ಆದರೆ ಅಂಥ ದಿನಗಳು ಕಮ್ಮಿಯಾಗ್ತಾ ಬಂದವು.

ನಾನು ಬಿಕಾಂ ಓದಿದವಳು. ಫೋನಿನ ನೋಟ್ಸ್‌ನಲ್ಲಿ ಲೆಕ್ಕ ಇಡಲು ಶುರು ಮಾಡಿದೆ. ಕುಡಿದ ದಿನ, ಕುಡಿಯದ ದಿನ, ನಾನು ಕೊಟ್ಟ ಸಾಲ, ಅವನು ಹಾಕಿದ ಆಣೆ. ಅವನ ಆಫೀಸಿಗೆ 'ಜ್ವರ' ಅಂತ ಮೆಸೇಜ್ ಟೈಪ್ ಮಾಡಿಕೊಟ್ಟದ್ದು ನಾನು. ನನ್ನನ್ನು ಬರೀ ಸಹೋದ್ಯೋಗಿ ಅಂದುಕೊಂಡಿದ್ದ ಅವನ ಅಮ್ಮನಿಗೆ, "ಇವತ್ತು ಓವರ್‌ಟೈಮ್ ಉಂಟು ಆಂಟಿ" ಅಂತ ಸುಳ್ಳು ಹೇಳಿದ್ದೂ ನಾನೇ. ಇದೇ ಪ್ರೀತಿ ಅಂದುಕೊಂಡಿದ್ದೆ.

ನಮ್ಮ ಕಡೆ ಮದ್ಯವರ್ಜನ ಶಿಬಿರದ ಬ್ಯಾನರ್ ಎಲ್ಲರೂ ನೋಡಿರ್ತೀರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರಿನವರನ್ನು ಸೇರಿಸಿಕೊಂಡು ನಡೆಸುವ ಎಂಟು ದಿನದ ಶಿಬಿರ. ಬಿಟ್ಟವರು ಮತ್ತೆ ಜಾರದಿರಲಿ ಅಂತ ಆಮೇಲೆ ನವಜೀವನ ಸಮಿತಿ ಇರ್ತದೆ. ಅವನನ್ನು ಅಂಥ ಕಡೆ ಕರೆದುಕೊಂಡು ಹೋಗುವ ಆಸೆ ಇತ್ತು. ಆದರೆ ನೀವು ಯಾರು ಅಂತ ಕೇಳಿದರೆ? ಹೆಂಡತಿಯಾದರೆ 'ಮನೆಯವರು' ಅನ್ನಬಹುದು. ನನಗೆ ಹೇಳಿಕೊಳ್ಳಲು ಹೆಸರೇ ಇರಲಿಲ್ಲ. ಹಾಗಾಗಿ ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಕಾಪು ಬೀಚಿನಲ್ಲಿ ಆ ನೋಟ್ಸ್ ಅವನಿಗೆ ತೋರಿಸಿದೆ. ನಾಚಿಕೆ ಆಗಲಿ ಅಂತ. ಅವನು ಸ್ಕ್ರೋಲ್ ಮಾಡಿ, "ಇದರಲ್ಲಿ ನನ್ನ ಜೀವನ ಉಂಟು. ನಿನ್ನದು ಎಲ್ಲಿ?" ಅಂದ. ಸಿಟ್ಟಿನಲ್ಲಿ ಕೇಳಿದ್ದು. ಉತ್ತರ ಇರಲಿಲ್ಲ ನನ್ನ ಹತ್ರ. ಸಿಎ ಇಂಟರ್ ಫಾರ್ಮ್ ತುಂಬಲು ಎರಡು ಸಲ ಬಿಟ್ಟಿದ್ದೆ. ಗೆಳತಿಯ ಮದುವೆಗೂ ಹೋಗಿರಲಿಲ್ಲ.

ಬ್ರೇಕಪ್ ಆದ ಮೇಲೆ ತಪ್ಪು ಮಾಡಿದೆ ಅಂತಲೇ ಅನಿಸ್ತಿತ್ತು. 14416ಕ್ಕೆ ಕರೆ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಅವನ ಬಗ್ಗೆ ಕೇಳಲು ಮಾಡಿದ ಕರೆ ಅದು, ನನ್ನ ನಿದ್ದೆಯ ಬಗ್ಗೆ ಮಾತಾಡಿ ಅತ್ತುಬಿಟ್ಟೆ.

ಆಮೇಲೆ ಓದಿ ತಿಳಿದೆ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಒಂದು ಕೂಟ 1951ರಲ್ಲಿ ಅಮೆರಿಕದಲ್ಲಿ ಶುರುವಾಯ್ತು. ಶುರು ಮಾಡಿದವರಲ್ಲಿ ಒಬ್ಬರು ಲೋಯಿಸ್ ವಿಲ್ಸನ್, ಮದ್ಯವ್ಯಸನಿಗಳ ಎಎ ಸಂಘ ಕಟ್ಟಿದ ಬಿಲ್ ವಿಲ್ಸನ್ ಅವರ ಹೆಂಡತಿ. ಗಂಡ ಕುಡಿತ ಬಿಟ್ಟ ಮೇಲೂ ತಾನು ಸುಧಾರಿಸಿಕೊಳ್ಳಬೇಕು ಅಂತ ಅವರಿಗೆ ಅರ್ಥವಾಗಿತ್ತು.

ಇನ್ನೊಂದು ಮುಖ್ಯ ವಿಷಯ. "ಇವತ್ತಿಂದಲೇ ಬಿಡು, ಇಲ್ಲಾಂದ್ರೆ ನಾನಿಲ್ಲ" ಅಂತ ಎಷ್ಟು ಸಲ ಹೇಳಿದ್ದೇನೋ! ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅದಕ್ಕೆ ಡಾಕ್ಟರ್ ಬೇಕು. ಪ್ರೀತಿ, ಬೈಗುಳ, ಆಣೆ ಯಾವುದೂ ಔಷಧಿ ಅಲ್ಲ.

ಅವನು ಈಗ ಹೇಗಿದ್ದಾನೆ, ನನಗೆ ಗೊತ್ತಿಲ್ಲ. ಚೆನ್ನಾಗಿರಲಿ. ನಾನು ಫಾರ್ಮ್ ತುಂಬಿದೆ. ಒಂದು ಗ್ರೂಪ್ ಪಾಸಾಗಿದೆ, ಇನ್ನೊಂದು ಬಾಕಿ. ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗ್ತೇನೆ. ಮೊದಲ ತಿಂಗಳು ಎದ್ದೆದ್ದು ನೋಡ್ತಿದ್ದೆ, ಈಗ ಇಲ್ಲ.

ನಿಮ್ಮ ಫೋನಿನಲ್ಲೂ ಅಂಥ ಲೆಕ್ಕ ಇದ್ದರೆ, ಇವತ್ತು ಯಾರಾದರೂ ಒಬ್ಬರಿಗೆ ಹೇಳಿ. ಯಾರೂ ಇಲ್ಲ ಅನಿಸಿದರೆ 14416. ಮುಂದಿನ ವಾರ ಸಿಗುವ.