ಸೀಲೆಂಟ್ ಪಾತ್ರೆ ಮತ್ತು ಶ್ಯಾವಿಗೆ ಒರಳು

ನವಿ ಮುಂಬೈನ ರಬಾಳೆ ಎಂಐಡಿಸಿಯ ಒಂದು ಶೆಡ್‌ನಲ್ಲಿ ಕಂಡದ್ದು: 200 ಲೀಟರ್ ಪ್ಲಾನೆಟರಿ ಮಿಕ್ಸರ್‌ನ ಪಾತ್ರೆ, ಅದರೊಳಗೆ ಸೊಂಟದ ತನಕ ಬಗ್ಗಿದ ಹುಡುಗ, ಕೈಯಲ್ಲಿ ಕರಣೆ. ಸಿಲಿಕೋನ್ ಸೀಲೆಂಟ್ ಕೆರೆದು ಕೆರೆದು ತೆಗೀತಿದ್ದ. ಕಲಸೋಕೆ ಅಷ್ಟು ದುಡ್ಡು ಹಾಕಿದವರು ಖಾಲಿ ಮಾಡೋದನ್ನ ಒಬ್ಬನ ಬೆನ್ನಿಗೆ ಬಿಟ್ಟಿದ್ರು. ಅದು ತಪ್ಪು. ಗಾಳಿಯ ತೇವ ತಾಗಿದ್ರೆ ಆ ಸೀಲೆಂಟ್ ಅಲ್ಲೇ ಕೆನೆಗಟ್ಟುತ್ತೆ. ಬೆನ್ನೂ ಹೋಯ್ತು, ಮಾಲೂ ಹೋಯ್ತು.

ಇದಕ್ಕೇ ಇರೋದು ಡಿಸ್ಚಾರ್ಜ್ ಪ್ರೆಸ್. ಚಕ್ರದ ಪಾತ್ರೆಯನ್ನ ಮಿಕ್ಸರ್‌ನಿಂದ ತಳ್ಳಿಕೊಂಡು ಬಂದು ಪ್ರೆಸ್ ಕೆಳಗೆ ನಿಲ್ಲಿಸ್ತಾರೆ. ಹೈಡ್ರಾಲಿಕ್ ಸಿಲಿಂಡರ್ ಒಂದು ತಟ್ಟೆಯನ್ನ ಒಳಕ್ಕೆ ಒತ್ತುತ್ತೆ, ಮಾಲು ತಳದ ವಾಲ್ವಿಂದ ಇಳಿಯುತ್ತೆ. ನಮ್ಮ ಶ್ಯಾವಿಗೆ ಒರಳೇ ಇದು.

ನಮ್ಮಜ್ಜಿಯ ಒರಳಲ್ಲಿ ಒತ್ತೋ ಬಿಲ್ಲೆ ಸವೆದಿತ್ತು. ಒತ್ತಿದಷ್ಟೂ ಹಿಟ್ಟು ಪಕ್ಕದ ಸಂದಿಯಿಂದ ಮೇಲಕ್ಕೇ ಏರೋದು. ಅಜ್ಜಿ ಅದನ್ನ ಬೆರಳಲ್ಲಿ ಬಳಿದು, ಮತ್ತೆ ತುಂಬಿ, ಮತ್ತೆ ಒತ್ತೋರು. ಪ್ರೆಸ್‌ನಲ್ಲೂ ಅಷ್ಟೇ. ಎಲ್ಲರೂ ಕೇಳೋದು ಎಷ್ಟು ಟನ್ ಅಂತ. ಕೇಳಬೇಕಾದ್ದು ತಟ್ಟೆಗೂ ಗೋಡೆಗೂ ನಡುವಿನ ಸಂದಿ ಎಷ್ಟು ಅಂತ. 60 ಸೆಂಟಿಮೀಟರ್ ಅಗಲ, 70 ಆಳದ ಪಾತ್ರೆ ತಗೊಳ್ಳಿ. ಗೋಡೆಗೆ ಬರೀ 1 ಮಿಲಿಮೀಟರ್ ಮಾಲು ಅಂಟಿ ಉಳಿದ್ರೂ 1.3 ಲೀಟರ್ ಆಯ್ತು. 300 ಎಂಎಲ್‌ನ ನಾಲ್ಕು ಕಾರ್ಟ್ರಿಜ್ ತುಂಬುತ್ತೆ, ಪ್ರತಿ ಬ್ಯಾಚಿಗೂ. ತಟ್ಟೆಯ ಅಂಚಿನ ಟೆಫ್ಲಾನ್ ಸೀಲ್ ಅದನ್ನೇ ಬಳಿದು ಇಳಿಸೋದು.

‘ಪ್ರೆಸ್ ಯಾಕೆ, ಮುಚ್ಚಳ ಬಿಗಿದು ಕಂಪ್ರೆಸರ್ ಗಾಳಿ ಬಿಡಿ’ ಅನ್ನೋರು ಡೊಂಬಿವಲಿಯಲ್ಲೂ ಇದ್ದಾರೆ, ಠಾಣೆಯ ವಾಗ್ಳೆ ಎಸ್ಟೇಟ್‌ನಲ್ಲೂ ಇದ್ದಾರೆ. ನಾನು ಒಪ್ಪಲ್ಲ. ಗಾಳಿ ಸುಲಭದ ದಾರಿ ಹುಡುಕುತ್ತೆ. ಗಟ್ಟಿ ಮಾಲಿನ ನಡುವೆ ಬಿಲ ಕೊರೆದು ವಾಲ್ವಿಂದ ಹೊರಟೇ ಹೋಗುತ್ತೆ, ಮಾಲು ಗೋಡೆಗಂಟಿ ನಿಂತಿರುತ್ತೆ. ಮೇಲಾಗಿ, ಅಂಥ ಒತ್ತಡಕ್ಕೆ ಕಟ್ಟದ ಪಾತ್ರೆಯಲ್ಲಿ ಗಾಳಿ ತುಂಬೋದು ಜೀವದ ಜೊತೆ ಆಟ. ಬಿಸಿ ಮಾಡಿ ತೆಳು ಮಾಡೋದೂ ಎಲ್ಲ ಸೀಲೆಂಟಿಗೆ ಆಗಲ್ಲ.

ಆಗ ತಟ್ಟೆ ಅಂದೆನಲ್ಲ, ಅದರಲ್ಲೊಂದು ಗಾಳಿಕಿಂಡಿ ಇರುತ್ತೆ. ತಟ್ಟೆ ಮಾಲಿಗೆ ತಾಗುವ ತನಕ ಅದು ತೆರೆದಿರಬೇಕು, ಕಿಂಡಿಯಲ್ಲಿ ಮಾಲು ಇಣುಕಿದ ಮೇಲೆ ಮುಚ್ಚಬೇಕು. ಇಲ್ಲದಿದ್ರೆ ಕಲಸುವಾಗ ನಿರ್ವಾತದಲ್ಲಿ ತೆಗೆದ ಗುಳ್ಳೆ ವಾಪಸ್ ಮಾಲಿಗೇ ಸೇರುತ್ತೆ.



ಕಲ್ಯಾಣದಲ್ಲೋ ತಳೋಜಾದಲ್ಲೋ ಪ್ರೆಸ್ ಆರ್ಡರ್ ಮಾಡೋರಿದ್ರೆ, ಮೊದಲು ನಿಮ್ಮ ಎಲ್ಲ ಪಾತ್ರೆಗಳ ಒಳ ಅಗಲವನ್ನ ಮೇಲೆ, ನಡುವೆ, ಕೆಳಗೆ ಅಳೀರಿ. ಸುತ್ತಿಗೆ ಏಟಿಗೆ ತಗ್ಗಾದ ಪಾತ್ರೆಯಲ್ಲಿ ತಟ್ಟೆ ಅರ್ಧಕ್ಕೇ ಕಚ್ಚಿ ನಿಲ್ಲುತ್ತೆ, ಹುಡುಗ ಮತ್ತೆ ಕರಣೆ ಹಿಡೀತಾನೆ.