ಕಾಳಿನ ಬೂಷ್ಟು, ಅದರ ವಿಷ ಮತ್ತು ಶಾಖ
(ಹೈದರಾಬಾದಿನ ಕನ್ನಡ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯದಲ್ಲಿ ಸಾಹಿತ್ಯದ ಮಾತು ನಡೆಯುವುದು ವಾಡಿಕೆ. ಇಂದು ಅಡಿಗೆಮನೆಯ ಡಬ್ಬಿಯ ವಿಚಾರ ಮಾತನಾಡಲು ಕಾರ್ಯದರ್ಶಿಗಳು ನನಗೆ ಅಪ್ಪಣೆ ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಜೋಳಕ್ಕೆ ಬೂಷ್ಟು ಹಿಡಿದರೆ ನಾವೇನು ಮಾಡುತ್ತೇವೆ? ಕೊಡವಿ, ತೊಳೆದು, ಬಿಸಿಲಿಗೆ ಹರವಿ, ಬೆಂಕಿ ಕಂಡ ಮೇಲೆ ಎಲ್ಲವೂ ಶುದ್ಧವೆಂದು ಗಿರಣಿಗೆ ಕಳಿಸುತ್ತೇವೆ. ಈ ನಂಬಿಕೆ ಎಷ್ಟು ಸರಿ ಎಂಬುದನ್ನು ವಿಚಾರಿಸೋಣ.

೧೯೭೪ರ ಕೊನೆಯಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬನ್ಸ್‌ವಾಡಾ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಕಾಮಾಲೆ ಹಬ್ಬಿತು. ಕಣ್ಣು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು. ಸುಮಾರು ೪೦೦ ಜನ ಕಾಯಿಲೆ ಬಿದ್ದರು, ನೂರಕ್ಕೂ ಹೆಚ್ಚು ಜನ ಸತ್ತರು. ಸಾಮಾನ್ಯ ಅಂಟು ಕಾಮಾಲೆಯಾಗಿದ್ದರೆ ನಾಯಿಗಳಿಗೆ ಬರಬೇಕಾಗಿರಲಿಲ್ಲ. ಇಲ್ಲಿ ಅದೇ ಮನೆಗಳ ರೊಟ್ಟಿ ತಿಂದ ನಾಯಿಗಳೂ ಸತ್ತವು. ನಮ್ಮ ಊರಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವೈದ್ಯರು ಕಾರಣ ಶೋಧಿಸಿದರು. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿದ್ದು, ಮುಸುಕಿನ ಜೋಳದ ತೆನೆ ಒಣಗದೆಯೇ ಮನೆ ಸೇರಿತ್ತು. ಅದಕ್ಕೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹತ್ತಿ ಅಫ್ಲಟಾಕ್ಸಿನ್ ಎಂಬ ವಿಷ ಮಾಡಿತ್ತು. ಕಾಳು ಕೆಟ್ಟಿದೆಯೆಂದು ಕಂಡರೂ ಬೇರೆ ಕಾಳು ಇಲ್ಲದವರು ಏನು ತಾನೆ ಮಾಡಿಯಾರು?

ಈಗ ಶಾಖದ ಮಾತಿಗೆ ಬರೋಣ. ಈ ಬೂಷ್ಟು ಸುಮಾರು ೧೨ ಡಿಗ್ರಿ ಸೆಂಟಿಗ್ರೇಡಿನಿಂದ ೪೦ ಡಿಗ್ರಿ ದಾಟುವವರೆಗೂ ಬೆಳೆಯಬಲ್ಲದು. ಆದರೆ ಅದು ಬೆಳೆಯುವ ಕಡೆಯಲ್ಲೆಲ್ಲ ಒಂದೇ ಸಮನೆ ವಿಷ ಮಾಡುವುದಿಲ್ಲ. ವಿಷ ಹೆಚ್ಚಾಗಿ ಹುಟ್ಟುವುದು ೨೫ರಿಂದ ೩೫ ಡಿಗ್ರಿಯೊಳಗೆ. ಅಂದರೆ ನಮ್ಮ ಮಳೆಗಾಲದ ಮನೆಯ ಮೂಲೆಯೇ ಅದಕ್ಕೆ ಸರಿಯಾದ ಹದ!

ಹಾಗಾದರೆ ಚಳಿಯ ದೇಶದವರು ಪಾರಾದರೆ? ಅದೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಷ್ಯದ ಓರೆನ್‌ಬುರ್ಗ್ ಪ್ರಾಂತದಲ್ಲಿ ಕೊಯ್ಯಲು ಆಳುಗಳಿಲ್ಲದೆ ಪೈರು ಚಳಿಗಾಲವೆಲ್ಲ ಹಿಮದಡಿಯೇ ಉಳಿಯಿತು. ವಸಂತದಲ್ಲಿ ಹಸಿದ ಜನ ಅದನ್ನೇ ಆಯ್ದು ತಿಂದರು. ಬಾಯಿ ಗಂಟಲು ಹುಣ್ಣಾಗಿ, ರಕ್ತಕಣಗಳು ಕುಂದಿ ಬಹಳ ಮಂದಿ ಸತ್ತರು. ಅಲ್ಲಿಯ ಬೂಷ್ಟು ಫ್ಯುಸೇರಿಯಂ ಜಾತಿಯದು. ಹಿಮ ಕರಗಿ ಮತ್ತೆ ಹೆಪ್ಪುಗಟ್ಟುವ ಚಳಿಯಲ್ಲಿಯೇ ಅದರ ವಿಷ ಏರುತ್ತದೆ. ಅದರ ದಾಯಾದಿಯೊಂದು ನಮ್ಮ ದಖ್ಖನಿಗೂ ಬಂದಿದೆ: ೧೯೯೫ರಲ್ಲಿ ಮಳೆಗೆ ಸಿಕ್ಕಿದ ಜೋಳ ತಿಂದು ಕರ್ನಾಟಕ, ಆಂಧ್ರದ ಹಳ್ಳಿಗಳಲ್ಲಿ ಹೊಟ್ಟೆನೋವು, ಭೇದಿ ಹರಡಿದವು. ಶಾಖ ಬದಲಾದರೆ ಬೂಷ್ಟಿನ ಜಾತಿ ಬದಲಾಗುತ್ತದೆ, ಅಷ್ಟೆ. ಎಲ್ಲಕ್ಕೂ ಬೇಕಾದದ್ದು ತೇವ. ಆದ್ದರಿಂದಲೇ ಮುಸುಕಿನ ಜೋಳದ ತೇವ ನೂರಕ್ಕೆ ೧೩ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕೆನ್ನುತ್ತಾರೆ.

ಚೆನ್ನಾಗಿ ಒಣಗಿಸಿದ ಕಾಳನ್ನೂ ಶಾಖ ಕೆಡಿಸಬಲ್ಲದು. ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಹಾಗೆಯೇ ತಗಡಿನ ಪೀಪಾಯಿಗೆ ತುಂಬಿ ಮುಚ್ಚುತ್ತೇವೆ. ರಾತ್ರಿ ತಗಡು ತಣ್ಣಗಾಗುತ್ತದೆ. ಒಳಗಿನ ಬೆಚ್ಚನೆಯ ಗಾಳಿ ಮೇಲೇರಿ, ಮುಚ್ಚಳದಡಿಯಲ್ಲಿ ಬೆವರಿ, ಹನಿಯಾಗಿ ಮೇಲಿನ ಕಾಳಿನ ಮೇಲೆ ಬೀಳುತ್ತದೆ. ಅಲ್ಲಿ ಬೂಷ್ಟು ಹತ್ತುತ್ತದೆ, ಬೂಷ್ಟಿನ ಉಸಿರಾಟದಿಂದ ಇನ್ನಷ್ಟು ಶಾಖವೂ ತೇವವೂ ಹುಟ್ಟುತ್ತವೆ. ಒಣಗಿದ ಕಾಳನ್ನು ಆರಿಸಿ ತುಂಬು ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ ಇರಬೇಕು. ಬಿಜಾಪುರ, ಧಾರವಾಡದ ಕಡೆಯ ಹಗೇವುಗಳಲ್ಲಿ ನೆಲದೊಳಗಿನ ಶಾಖ ಹೆಚ್ಚು ಏರಿಳಿಯುವುದಿಲ್ಲ. ಆ ಏರ್ಪಾಡು ಜಾಣತನದ್ದೇ. ಆದರೆ ನೀರು ಜಿನುಗಿದರೆ ಗೋಡೆಗಂಟಿದ ಕಾಳು ಮುಗ್ಗುವುದನ್ನು ಬಲ್ಲವರು ಈ ಸಭೆಯಲ್ಲಿದ್ದೀರಿ.

ಇನ್ನು ಬೆಂಕಿ. ಬೆಂಕಿಯಿಂದ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಸಾಯುವುದಿಲ್ಲ. ಅಫ್ಲಟಾಕ್ಸಿನ್ ಒಡೆಯಲು ೨೦೦ ಡಿಗ್ರಿಗೂ ಮೀರಿದ ಶಾಖ ಬೇಕು. ಕುದಿಯುವ ಅಂಬಲಿ ೧೦೦ರ ಆಸುಪಾಸು, ಹಂಚಿನ ಮೇಲೆ ಸುಟ್ಟ ರೊಟ್ಟಿಯ ತಿರುಳೂ ಅಷ್ಟೆ. ಹುರಿದರೆ ಒಂದು ಪಾಲು ಕಡಿಮೆಯಾದೀತು, ಪೂರ್ತಿ ಹೋಗದು. ಬೂಷ್ಟು ಹತ್ತಿದ, ಬಣ್ಣಗೆಟ್ಟ, ಮುರುಟಿದ ಕಾಳನ್ನು ಆರಿಸಿ ತೆಗೆದರೆ ಹುರಿಯುವುದಕ್ಕಿಂತ ಹೆಚ್ಚು ಫಲವುಂಟು, ಏಕೆಂದರೆ ವಿಷ ಬಹುಮಟ್ಟಿಗೆ ಆ ಕೆಲವು ಕಾಳುಗಳಲ್ಲೇ ಸೇರಿಕೊಂಡಿರುತ್ತದೆ.

ಹಾಗೆ ತೆಗೆದದ್ದನ್ನು ‘ಹಸುವಿಗಾದರೂ ಇರಲಿ’ ಎಂದು ಬಾನಿಗೆ ಹಾಕುವ ರೂಢಿ ನಮ್ಮಲ್ಲುಂಟು. ದಯವಿಟ್ಟು ಹಾಕಬೇಡಿ. ಆ ವಿಷ ರೂಪ ಬದಲಿಸಿಕೊಂಡು ಹಾಲಿಗಿಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ.