ಗಾಯಕ್ಕೆ ಸಾಕ್ಷಿ ಯಾರು?



ವೈದ್ಯರ ಸಹಿಗೆ ನಮ್ಮ ಸಮಾಜದಲ್ಲಿ ವಿಶೇಷವಾದ ಬೆಲೆಯುಂಟು. ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡವನು ಪರಿಹಾರ ಕೋರಿ ನ್ಯಾಯಮಂಡಳಿಯ ಮುಂದೆ ನಿಂತಾಗ, ಅವನ ನೋವನ್ನು ನ್ಯಾಯಾಧೀಶರು ಕಣ್ಣಳತೆಯಿಂದ ತೂಗಲಾರರು. ಅಂಗವೈಕಲ್ಯ ಶೇಕಡಾ ಎಷ್ಟೆಂದು ವೈದ್ಯರು ಬರೆದುಕೊಟ್ಟ ಅಂಕಿಯೇ ಅಲ್ಲಿ ಆ ನೋವಿನ ಭಾಷೆ. ಅಂಕಿ ಸುಳ್ಳಾದರೆ ನ್ಯಾಯವೂ ಸುಳ್ಳಾಗುತ್ತದೆ.

ಈ ಸುಳ್ಳಿಗೆ ಹಲವು ಮುಖಗಳು. ಗಾಯವೇ ಇಲ್ಲದವನಿಗೆ ಗಾಯ ಬರೆಯುವುದು ಒಂದು. ಮರದಿಂದ ಬಿದ್ದವನ ಮೂಳೆಮುರಿತವನ್ನು ಯಾವುದೋ ವಾಹನದ ತಲೆಗೆ ಕಟ್ಟುವುದು ಇನ್ನೊಂದು. ಇವುಗಳಿಗಿಂತ ಸೂಕ್ಷ್ಮವಾದದ್ದು ಮೂರನೆಯದು: ಚಿಕಿತ್ಸೆಯನ್ನೇ ಮಾಡದ ವೈದ್ಯನೊಬ್ಬ ಎಕ್ಸ್-ರೇ ಚಿತ್ರವನ್ನು ಒಮ್ಮೆ ನೋಡಿ, ಶೇಕಡಾ 15 ಇದ್ದುದನ್ನು 45 ಎಂದು ಬರೆಯುವುದು. ಇಲ್ಲಿ ಗಾಯ ನಿಜ, ಅಳತೆ ಮಾತ್ರ ಸುಳ್ಳು.

ಈ ವಿಷಯದಲ್ಲಿ ದಾರಿ ತೋರುವ ತೀರ್ಪೊಂದನ್ನು ಸರ್ವೋಚ್ಚ ನ್ಯಾಯಾಲಯವು 2010ರ ಅಕ್ಟೋಬರಿನಲ್ಲಿ ನೀಡಿತು. ಅದನ್ನು ಬರೆದವರು, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಬಲಗೈಗೆ ಶೇಕಡಾ 60, ಎಡಗಾಲಿಗೆ ಶೇಕಡಾ 80 ವೈಕಲ್ಯವಿದ್ದರೆ ಇಡೀ ದೇಹಕ್ಕೆ 140 ಆಗದು ಎಂದು ಆ ತೀರ್ಪು ತಿಳಿಹೇಳಿತು. ಅಲ್ಲದೆ ದೇಹದ ನಷ್ಟ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಬಡಗಿಯ ಸಂಪಾದನೆ ನಿಂತೇಹೋಗಬಹುದು; ಅದೇ ನಷ್ಟಕ್ಕೊಳಗಾದ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಮೊದಲನೆಯ ನಷ್ಟವನ್ನು ಹೇಳುವುದು ವೈದ್ಯರ ಕೆಲಸ, ಎರಡನೆಯದನ್ನು ನಿರ್ಣಯಿಸುವುದು ನ್ಯಾಯಮಂಡಳಿಯದು. ಚಿಕಿತ್ಸೆ ನೀಡದೆ ಸಿದ್ಧಪತ್ರ ಕೊಡುವವರ ಸಾಕ್ಷ್ಯವನ್ನು ಎಚ್ಚರದಿಂದ ನೋಡಬೇಕು, ಬೇಕಾದಲ್ಲಿ ಗಾಯಾಳುವನ್ನು ವೈದ್ಯಕೀಯ ಮಂಡಳಿಗೆ ಕಳುಹಿಸಬಹುದು ಎಂದೂ ಅದು ಸೂಚಿಸಿತು.

ಆದರೆ ಸಹಿ ಮಾರುವವನಿಗೆ ಎಡೆ ದೊರೆತದ್ದಾದರೂ ಹೇಗೆ? ಶಸ್ತ್ರಕ್ರಿಯೆ ಮಾಡಿದ ವೈದ್ಯರು ಸಾಕ್ಷಿಕಟ್ಟೆಗೆ ಬರಲು ಹಿಂಜರಿಯುತ್ತಾರೆ. ಬಂದರೆ ದಿನವಿಡೀ ನ್ಯಾಯಾಲಯದ ಪಡಸಾಲೆಯಲ್ಲಿ ಕಾಯಬೇಕು. ಅತ್ತ ಆಸ್ಪತ್ರೆಯಲ್ಲಿ ರೋಗಿಗಳು ಅವರಿಗಾಗಿ ಕಾಯುತ್ತಿರುತ್ತಾರೆ. ಬಾರದ ವೈದ್ಯರ ಸ್ಥಾನವನ್ನು ಬಾಡಿಗೆಯ ಸಾಕ್ಷಿ ತುಂಬುತ್ತಾನೆ. ಅದಕ್ಕಾಗಿಯೇ ಆ ತೀರ್ಪು, ವೈದ್ಯರನ್ನು ಸಮನ್ಸಿನಿಂದ ಬೆದರಿಸುವುದು ಪರಿಹಾರವಲ್ಲವೆಂದು ಹೇಳಿ, ಅವರಿಗೆ ನಿಗದಿತ ವೇಳೆ ಕೊಡಬೇಕು, ಅಗತ್ಯವಿದ್ದಲ್ಲಿ ಕಮಿಷನರ ಮೂಲಕ ಸಾಕ್ಷ್ಯ ಬರೆಸಿಕೊಳ್ಳಬೇಕು ಎಂದು ಹೇಳಿತು. ಪ್ರಾಮಾಣಿಕರ ದಾರಿಯನ್ನು ಸುಗಮಗೊಳಿಸದೆ ಅಪ್ರಾಮಾಣಿಕರ ದಾರಿಯನ್ನು ಮುಚ್ಚಲಾಗದು.

ಕಾನೂನಿನ ಬೇಲಿಯೂ ಇದೆ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳಂತೆ, ಕೊಟ್ಟ ಪ್ರತಿಯೊಂದು ಪ್ರಮಾಣಪತ್ರದ ವಿವರವನ್ನೂ ವೈದ್ಯರು ವಹಿಯಲ್ಲಿ ದಾಖಲಿಸಿ, ಪ್ರತಿಯನ್ನು ಇಟ್ಟುಕೊಳ್ಳಬೇಕು. ಸುಳ್ಳುಪತ್ರ ಕೊಟ್ಟವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಬಹುದು. ಅನುಮಾನ ಬಂದಾಗ ನ್ಯಾಯಮಂಡಳಿಯು ಆ ವಹಿಯನ್ನು ತರಿಸಿ ನೋಡಿದರೆ ಅರ್ಧ ಸುಳ್ಳು ಅಲ್ಲೇ ಬಯಲಾದೀತು. ಅದೇ ನಿಯಮಗಳಂತೆ, ರೋಗಿ ಕೇಳಿದ 72 ಗಂಟೆಗಳೊಳಗೆ ಅವನ ಚಿಕಿತ್ಸೆಯ ದಾಖಲೆಗಳನ್ನು ಒದಗಿಸಬೇಕು. ಗಾಯಾಳುವಿನ ಮನೆಯವರು ಆ ಕಾಗದಗಳನ್ನು ಮೊದಲ ದಿನದಿಂದಲೇ ಜೋಪಾನ ಮಾಡಿದರೆ ಮಧ್ಯವರ್ತಿಯ ಮನೆಬಾಗಿಲಿಗೆ ಹೋಗುವ ಪ್ರಮೇಯವೇ ಬಾರದು.

ವಿಮಾ ಕಂಪನಿಯ ಹಣ ಯಾರಪ್ಪನದು ಎಂದು ಕೆಲವರು ನಗುತ್ತಾರೆ. ಅದು ವಾಹನವುಳ್ಳ ಪ್ರತಿಯೊಬ್ಬರೂ ಕಟ್ಟಿದ ಕಂತಿನ ಹಣ. ಆದರೆ ನಷ್ಟ ಹಣದಲ್ಲಿ ಮುಗಿಯುವುದಿಲ್ಲ. ಹತ್ತು ಸುಳ್ಳುಪತ್ರಗಳನ್ನು ಕಂಡ ನ್ಯಾಯಾಧೀಶರು ಹನ್ನೊಂದನೆಯದನ್ನೂ ಸಂಶಯದಿಂದಲೇ ಓದುತ್ತಾರೆ. ಆ ಹನ್ನೊಂದನೆಯವನು ನಿಜವಾಗಿಯೂ ಕಾಲು ಕಳೆದುಕೊಂಡ ಗಾರೆ ಕೆಲಸದವನಾಗಿರಬಹುದು. ಸುಳ್ಳುಪತ್ರ ಕದಿಯುವುದು ಅವನ ಮಾತಿಗಿರುವ ನಂಬಿಕೆಯನ್ನು.